೧೧೭ನೇ ಕೊಠಡಿಯ ಕೆಂಡ

ಕೊರೊನಾ ಮುಗಿದ ಎರಡನೇ ಬೇಸಿಗೆ. ಆಗ ನಾನು ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಒಂದು ಥೀಮ್ ಪಾರ್ಕಿನ ಸ್ವಂತ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮುಖ್ಯಸ್ಥೆಯಾಗಿದ್ದೆ. ಪಾರ್ಕಿನ ಹೆಸರು ಇಲ್ಲಿ ಬೇಡ. ಹೌಸ್‌ಕೀಪಿಂಗ್ ಎಂದರೆ ಹಾಸಿಗೆ ಬದಲಿಸುವುದು, ಬಚ್ಚಲು ತೊಳೆಯುವುದು ಎಂದು ನನ್ನ ನಾದಿನಿ ಈಗಲೂ ತಿಳಿದಿದ್ದಾಳೆ. ಅದೂ ಹೌದು. ಆದರೆ ಅರವತ್ತು ಕೊಠಡಿಗಳ ಬೀಗ, ಕಿಟಕಿ, ಕೊಳಾಯಿ, ಕೊನೆಗೆ ಒಳಗೆ ಮಲಗಿದವರು ಬೆಳಿಗ್ಗೆ ಕ್ಷೇಮವಾಗಿ ಎದ್ದರೇ ಎನ್ನುವುದರವರೆಗೆ ಎಲ್ಲವೂ ಆ ಕೆಲಸದೊಳಗೆ ಬರುತ್ತದೆ. ಇದನ್ನು ನಾನು ಇಪ್ಪತ್ತು ವರ್ಷ ಬೇರೆ ಬೇರೆ ಊರುಗಳ ಹೋಟೆಲುಗಳಲ್ಲಿ ಕಲಿತು ಬಂದಿದ್ದೆ. ಕಲಿತದ್ದನ್ನು ಒಂದೇ ಒಂದು ದಿನ ಪಕ್ಕಕ್ಕಿಟ್ಟೆ. ಆ ದಿನದ ಕಥೆ ಇದು.

ಪಾರ್ಕಿಗೆ ಹೋಗುವವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಪಾರ್ಕಿನವರದೇ ಹೋಟೆಲಿನಲ್ಲಿ ಇಳಿದುಕೊಳ್ಳುವುದು ಲಾಭವೋ, ಹೊರಗೆ ತರೀಕೆರೆಯಲ್ಲೋ ಕಡೂರಿನಲ್ಲೋ ಲಾಡ್ಜ್ ಹಿಡಿಯುವುದು ಲಾಭವೋ? ದುಡ್ಡಿನ ಲೆಕ್ಕಕ್ಕೆ ಲಾಡ್ಜೇ ಸರಿ. ನಮ್ಮಲ್ಲಿ ಬಾಡಿಗೆ ಜಾಸ್ತಿ, ಹೊರಗಿನ ಊಟ ತರುವಂತಿಲ್ಲ, ಕಾಫಿ ಒಂದು ಗುಟುಕಿನಷ್ಟು ಕೊಡುತ್ತಿದ್ದರು. ಆದರೆ ನಮ್ಮ ಅತಿಥಿಗಳಿಗೆ ಬೆಳಿಗ್ಗೆ ಗೇಟು ತೆರೆಯುವುದಕ್ಕೆ ಒಂದು ಗಂಟೆ ಮೊದಲೇ ಒಳಗೆ ಬಿಡುತ್ತಿದ್ದರು. ಬಿಸಿಲು ಏರಿದಾಗ ಐದು ನಿಮಿಷ ನಡೆದರೆ ಕೊಠಡಿ. ಮಕ್ಕಳು, ಮುದುಕರು, ಬಸುರಿ ಬಾಣಂತಿಯರು ಇರುವ ಮನೆಯವರಿಗೆ ಇದು ದೊಡ್ಡ ಅನುಕೂಲ. ಅಂಥವರು ಫೋನ್ ಮಾಡಿದರೆ ನಾನೇ ಹೇಳುತ್ತಿದ್ದೆ, ಇಲ್ಲೇ ಇಳಿದುಕೊಳ್ಳಿ, ನಾವು ನೋಡಿಕೊಳ್ಳುತ್ತೇವೆ ಎಂದು.

ಲೋಕೇಶ್ ಫೋನ್ ಮಾಡಿದಾಗಲೂ ಹೇಳಿದ್ದು ಇದನ್ನೇ. ಅವರು ಸಿಂಗಟಗೆರೆಯವರು, ಕಡೂರಿನಲ್ಲಿ ಕೊಬ್ಬರಿ ಮಂಡಿ. ಆರು ವರ್ಷದ ಮಗ ವರ್ಷದಿಂದ ಪಾರ್ಕು ಪಾರ್ಕು ಎಂದು ಜೀವ ತಿಂದಿದ್ದ. ಹೆಂಡತಿ ರೇಖಾ ಮೂರು ತಿಂಗಳ ಬಾಣಂತಿ, ಅಜ್ಜಂಪುರದಲ್ಲಿ ತವರಿನಲ್ಲಿದ್ದಳು. ಮಗನ ಆಸೆಗೆಂದು ಅವಳನ್ನೂ ಹೆಣ್ಣುಕೂಸನ್ನೂ ಕರೆತರುವುದಾಗಿ, ಜೊತೆಗೆ ಅತ್ತೆ ಗೌರಮ್ಮನೂ ಬರುವುದಾಗಿ ಹೇಳಿದರು. "ಕೂಸು ಇರೋದ್ರಿಂದ ಯೋಚ್ನೆ ಆಗ್ತೈತೆ ಮೇಡಂ" ಎಂದರು. ನಾನು ನೆಲಮಹಡಿಯ ೧೧೭ನೇ ಕೊಠಡಿಯನ್ನು ಅವರಿಗೆಂದು ತೆಗೆದಿಡಿಸಿದೆ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಎದುರಿಗೇ ಹುಲ್ಲುಹಾಸು. ಒಂದೇ ಕೊರತೆ, ಅದರ ಕಿಟಕಿ ತೆರೆಯುತ್ತಿರಲಿಲ್ಲ. ಎ.ಸಿ. ಕೊಠಡಿ ಎಂದು ಕಟ್ಟುವಾಗಲೇ ದಪ್ಪ ಗಾಜು ಕೂರಿಸಿ ಸುತ್ತ ರಬ್ಬರ್ ಹಾಕಿದ್ದರು. ಅಂದು ಅದು ನನಗೆ ಕೊರತೆ ಎಂದು ಅನ್ನಿಸಿರಲೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಬಂದರು. ಗೌರಮ್ಮನಿಗೆ ಅರವತ್ತರ ಮೇಲಾಗಿತ್ತು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಯ ಗಂಟು. ಸಾಮಾನು ಎತ್ತಿಕೊಳ್ಳಲು ಬಂದವನಿಗೆ ಸೂಟ್‌ಕೇಸು ಕೊಟ್ಟರು, ಗಂಟು ಕೊಡಲಿಲ್ಲ. ಅದರಲ್ಲಿ ಏನಿತ್ತೆಂದು ಸಂಜೆ ಐದಕ್ಕೆ ಗೊತ್ತಾಯಿತು. ರಿಸೆಪ್ಶನ್ನಿನ ಗೋಡೆಯಲ್ಲಿದ್ದ ಫೈರ್ ಪ್ಯಾನೆಲ್ ಒಮ್ಮೆಗೇ ಕೂಗಲು ಶುರುಮಾಡಿತು. ಯಾವ ಕೊಠಡಿಯಲ್ಲಿ ಹೊಗೆ ಎದ್ದಿದೆ ಎಂದು ಆ ಪೆಟ್ಟಿಗೆಯಲ್ಲಿ ನಂಬರು ಬರುತ್ತದೆ. ೧೧೭ ಎಂದು ಬಂತು. ಪಾರ್ಕಿನಲ್ಲಿ ನೀರಾಟವಾಡಿ ಬಂದಿದ್ದ ಆ ಸಾಲಿನ ಅತಿಥಿಗಳೆಲ್ಲ ಒದ್ದೆ ಬಟ್ಟೆಯಲ್ಲೇ ಹೊರಗೆ ಓಡಿಬಂದರು.

ನಾನು ಹೋಗಿ ನೋಡಿದರೆ ಗೌರಮ್ಮ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ತೆಂಗಿನ ಚಿಪ್ಪು ಹೊತ್ತಿಸುತ್ತಿದ್ದರು. ಪಕ್ಕದಲ್ಲಿ ಸಾಂಬ್ರಾಣಿ ಪುಡಿ. ಕೂಸಿಗೆ ಎರೆದು ಧೂಪ ಹಿಡಿಯುವ ಸಿದ್ಧತೆ ಅದು. ಪ್ಯಾನೆಲ್ಲಿನ ಕೂಗು ಕೇಳಿ ರೇಖಾ ಕೂಸನ್ನೆತ್ತಿಕೊಂಡು ಹೊರಗೆ ಓಡಿದ್ದಳು, ಲೋಕೇಶ್ ಮಗನ ಜೊತೆ ಪಾರ್ಕಿನಲ್ಲಿದ್ದರು. ಕೊಠಡಿಯಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ನಾನು ಗದರಿಸಿಯೇ ಹೇಳಿದೆ. ಅವರು ತಲೆ ತಗ್ಗಿಸಿದರು.

"ಹುಟ್ಟಿದಾಗ್ಲಿಂದ ಒಂದ್ ದಿನಾನೂ ಧೂಪ ತಪ್ಪಿಲ್ಲ ಕಣವ್ವ. ತಲೆ ಹಸಿ ಉಳುದ್ರೆ ಕೂಸಿಗೆ ಶೀತ ಆಗಲ್ವಾ? ನೀನೂ ಮಕ್ಕಳ್ನ ಹೆತ್ತೋಳೇ ತಾನೇ" ಎಂದರು.

ಆ ಮಾತಿಗೆ ನಾನು ಸೋತೆ. ನನ್ನ ಇಬ್ಬರು ಮಕ್ಕಳಿಗೂ ನಮ್ಮಮ್ಮ ಹೀಗೇ ಎರೆದಿದ್ದಳು. ಬಾಣಂತಿಕೋಣೆಯ ಆ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ನಾನು ಮುಖ್ಯಸ್ಥೆ ಎನ್ನುವುದೇ ಮರೆತುಹೋಯಿತು. ಬೇರೆ ಊರಿನ ಹೋಟೆಲಾಗಿದ್ದರೆ, ಎದುರಿಗಿದ್ದವರು ಬೇರೆ ಭಾಷೆಯವರಾಗಿದ್ದರೆ ಅಗ್ಗಿಷ್ಟಿಕೆಯನ್ನು ಆಗಲೇ ಎತ್ತಿಕೊಂಡು ಬರುತ್ತಿದ್ದೆ. ಇವರು ನಮ್ಮವರು. ನಮ್ಮವರಿಗೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಸ್ನಾನದ ಮನೆಯಲ್ಲಿ ತಲೆ ನೆನೆಯದಂತೆ ಹಾಕಿಕೊಳ್ಳಲು ನಾವೇ ಇಡುವ ಪ್ಲಾಸ್ಟಿಕ್ ಟೋಪಿಯೊಂದನ್ನು ತೆಗೆದುಕೊಂಡೆ. ಕುರ್ಚಿ ಹತ್ತಿ ಸೂರಿನ ಸ್ಮೋಕ್ ಡಿಟೆಕ್ಟರಿಗೆ ಅದನ್ನು ತೊಡಿಸಿದೆ. ಅದು ಒಂದು ಬಟ್ಟಲಿನಷ್ಟು ಬಿಳಿಯ ಪೆಟ್ಟಿಗೆ, ಹೊಗೆ ತಾಗಿದರೆ ಪ್ಯಾನೆಲ್ಲಿಗೆ ಸುದ್ದಿ ಕಳಿಸುವುದು ಅದರ ಕೆಲಸ. ಅದರ ಬಾಯಿ ಕಟ್ಟಿದ್ದು ನಾನೇ. ಹೊಗೆಯ ವಾಸನೆ ಕಾರಿಡಾರಿಗೆ ಬಂದರೆ ಮತ್ತೆ ದೂರು ಬರುತ್ತದೆಂದು, ಧೂಪ ಹಾಕುವಾಗ ಬಾಗಿಲ ಕೆಳಗಿನ ಸಂದಿಗೆ ಟವೆಲ್ ಒತ್ತಿಡಿ ಎಂದೂ ಹೇಳಿಕೊಟ್ಟೆ. ಗೌರಮ್ಮ ಎರಡೂ ಕೈಯಿಂದ ನನ್ನ ಗಲ್ಲ ಮುಟ್ಟಿ ಲಟಿಗೆ ಮುರಿದರು. ನನಗೆ ಹಿತವೇ ಆಯಿತು.

ಮರುದಿನ ಶನಿವಾರ. ಲೋಕೇಶ್ ಮಗನನ್ನು ಕರೆದುಕೊಂಡು ಬೆಳಿಗ್ಗೆಯೇ ಪಾರ್ಕಿನೊಳಗೆ ಹೋದರು. ಬಾಣಂತಿ, ಕೂಸು, ಅಜ್ಜಿ ಕೊಠಡಿಯಲ್ಲಿ ಉಳಿದರು. ಹನ್ನೆರಡರ ಹೊತ್ತಿಗೆ ಶಾಂತಮ್ಮ ಲಿನನ್ ರೂಮಿಗೆ, ಅಂದರೆ ಹಾಸಿಗೆಬಟ್ಟೆ ಇಡುವ ನಮ್ಮ ಉಗ್ರಾಣಕ್ಕೆ ಬಂದಳು. ಲಿಂಗದಹಳ್ಳಿಯವಳು, ಆ ಸಾಲಿನ ಕೊಠಡಿಗಳನ್ನು ನೋಡಿಕೊಳ್ಳುವವಳು. "ಅಕ್ಕ, ಆ ಅಜ್ಜಿ ತಂದಿದ್ದ ಚಿಪ್ಪೆಲ್ಲಾ ನೆನ್ನೇನೇ ಮುಗುದೋಯ್ತಂತೆ. ಒಂದೀಟ್ ಕೆಂಡ ಸಿಗ್ತದಾ ಅಂತ ಕೇಳ್ತಾವ್ರೆ" ಎಂದಳು.

ಅಡುಗೆಮನೆಯಲ್ಲಿ ತಂದೂರ್ ಒಲೆ ಮಧ್ಯಾಹ್ನದ ಊಟಕ್ಕೆಂದು ಆಗಷ್ಟೇ ಕಾದಿತ್ತು. ನಾನೇ ಹೋಗಿ ಬಾಣಸಿಗನಿಗೆ ಹೇಳಿ ಅಗ್ಗಿಷ್ಟಿಕೆ ತುಂಬ ಇದ್ದಿಲ ಕೆಂಡ ಹಾಕಿಸಿದೆ. ಅದು ಕೆಂಪಗೆ, ಹೊಗೆಯೇ ಇಲ್ಲದೆ ಉರಿಯುತ್ತಿತ್ತು. ಹೊಗೆ ಇಲ್ಲವಲ್ಲ, ಇನ್ನೂ ಒಳ್ಳೆಯದಾಯಿತು ಎಂದುಕೊಂಡೆ. ಇಂದು ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಚಿಪ್ಪಿನ ಕೆಂಡ ಬೇಗ ಬೂದಿಯಾಗುತ್ತದೆ, ಇದ್ದಿಲು ಗಂಟೆಗಟ್ಟಲೆ ಇರುತ್ತದೆ. ಗೌರಮ್ಮ ತಮ್ಮ ಜನ್ಮದಲ್ಲಿ ಕಂಡದ್ದು ಚಿಪ್ಪಿನ ಕೆಂಡವನ್ನು, ಅದೂ ಹೆಂಚಿನ ಮನೆಯಲ್ಲಿ. ಅಲ್ಲಿ ಸೂರಿನ ಸಂದಿಯಿಂದ ಗಾಳಿ ತಾನಾಗಿ ಆಡುತ್ತದೆ. ೧೧೭ರಲ್ಲಿ ಒಂದು ಇರುವೆ ಒಳಗೆ ಬರಬೇಕಾದರೂ ದಾರಿ ಇರಲಿಲ್ಲ.

ಧೂಪ ಆದ ಮೇಲೆ ನೀರು ಹಾಕಿ ಆರಿಸಿಬಿಡಲು ಹೇಳು ಎಂದು ಶಾಂತಮ್ಮನ ಕೈಲಿ ಹೇಳಿ ಕಳಿಸಿದೆ. ಅವಳು ಹೇಳಿದ್ದಳು. ಗೌರಮ್ಮ ಒಪ್ಪಿರಲಿಲ್ಲ. "ಕೂಸಿಗೆ ಧೂಪ ಹಿಡ್ದ ಕೆಂಡಕ್ಕೆ ನೀರ್ ಹುಯ್ಬಾರ್ದು ಕಣೇ. ಅದಾಗದೇ ಆರ್ಬೇಕು" ಎಂದಿದ್ದರಂತೆ. ಅಷ್ಟೇ ಅಲ್ಲ, ಎ.ಸಿ. ಗಾಳಿ ಬಾಣಂತಿಗೆ ಆಗದೆಂದು ಅದನ್ನು ನಿಲ್ಲಿಸಿದ್ದರು. ನೆಲದ ಟೈಲ್ಸ್ ಥಂಡಿ ಎಂದು, ಊರಲ್ಲಿ ಮಾಡುವಂತೆ, ಕೆಂಡವನ್ನು ಮಗಳ ಮಂಚದ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಟವೆಲ್ ಬಾಗಿಲ ಸಂದಿಯಲ್ಲೇ ಇತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಒಂದೂಕಾಲಿಗೆ ಶಾಂತಮ್ಮ ಮತ್ತೆ ಉಗ್ರಾಣಕ್ಕೆ ಬಂದು ಗೋಡೆಗೆ ಒರಗಿ ನಿಂತಳು. ಕೂಸಿನ ಮೈ ಒರೆಸಲು, ಬಟ್ಟೆ ಸುತ್ತಲು ಕೈಜೋಡಿಸಿ ಅರ್ಧ ಗಂಟೆ ಅಲ್ಲೇ ಇದ್ದು ಬಂದಿದ್ದಳು. ತಲೆ ಸಿಡಿಯುತ್ತಿದೆ ಎಂದಳು. "ಬಿಸ್ಲು ಕಣೇ, ಒಂದ್ ಲೋಟ ಮಜ್ಜಿಗೆ ಕುಡಿ" ಎಂದು ನಾನು ಹಾಸಿಗೆಬಟ್ಟೆ ಎಣಿಸುವುದನ್ನು ಮುಂದುವರಿಸಿದೆ. ಎರಡಕ್ಕೆ ರಿಸೆಪ್ಶನ್ನಿನಿಂದ ಫೋನು. ಲೋಕೇಶ್ ಪುಟಾಣಿ ರೈಲಿನ ಸಾಲಿನಲ್ಲಿ ನಿಂತು ಹೆಂಡತಿಗೆ ನಾಲ್ಕು ಸಲ ಫೋನ್ ಮಾಡಿದ್ದಾರೆ, ಎತ್ತುತ್ತಿಲ್ಲವಂತೆ. ಬಾಗಿಲಿಗೆ "ತೊಂದರೆ ಕೊಡಬೇಡಿ" ಎಂಬ ಬೋರ್ಡು ನೇತುಹಾಕಿದೆ, ಮಲಗಿರಬೇಕು ಎಂದು ರಿಸೆಪ್ಶನ್ನಿನ ಹುಡುಗಿ ಅವರಿಗೆ ಸಮಾಧಾನ ಹೇಳಿದ್ದಳು. ಬಾಣಂತಿ ಮಲಗುವುದು ಒಳ್ಳೆಯದೇ, ಎಬ್ಬಿಸುವುದು ಬೇಡ ಎಂದು ನಾನೂ ಹೇಳಿದೆ.

ಫೋನ್ ಇಟ್ಟ ಮೇಲೆ ಶಾಂತಮ್ಮ ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೇ ಮೆಲ್ಲಗೆ ಅಂದಳು: "ಆ ಬಾಣಂತಿಗೂ ತಲೆನೋವು ಅಂತಿದ್ರು ಅಕ್ಕ. ವಾಂತಿ ಬಂದಂಗಾಗ್ತೈತೆ ಅಂತಿದ್ರು. ಅದ್ಕೇ ಅಜ್ಜಿ ಮಲಿಕ್ಕೋ ಅಂದ್ರು."

ನಾನು ಎಣಿಸುವುದನ್ನು ನಿಲ್ಲಿಸಿದೆ. ಹಿಂದೊಮ್ಮೆ ಬೆಂಕಿ ಸುರಕ್ಷತೆಯ ತರಬೇತಿಯಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರು ನಿದ್ದೆಯಲ್ಲೇ ಸಾಯುತ್ತಾರೆ. ಒಂದೇ ಕೋಣೆಯಲ್ಲಿದ್ದ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಮಾತ್ರೆ ಹುಡುಕಬೇಡಿ, ಬಾಗಿಲು ತೆಗೆಯಿರಿ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೆ. ನನ್ನ ಕೆಳಗಿನವರಿಗೆ ನಾನೇ ಪಾಠವನ್ನೂ ಮಾಡಿದ್ದೆ.

ಓಡಿದೆ. ೧೧೭ರ ಬಾಗಿಲು ಬಡಿದೆ, ಗೌರಮ್ಮ, ರೇಖಾ ಎಂದು ಕೂಗಿದೆ. ಒಳಗೆ ಸದ್ದಿಲ್ಲ. ಕೂಸಿನ ಸದ್ದೂ ಇಲ್ಲ. ಎಲ್ಲ ಕೊಠಡಿಗೂ ಆಗುವ ಮಾಸ್ಟರ್ ಕೀ ನನ್ನ ಸೊಂಟದಲ್ಲೇ ಇತ್ತು. ತಿರುಗಿಸಿದರೆ ಬೀಗ ತೆರೆಯಿತು, ಬಾಗಿಲು ತೆರೆಯಲಿಲ್ಲ. ಹೊಸ ಜಾಗ, ಗಂಡಸರಿಲ್ಲ ಎಂದು ಗೌರಮ್ಮ ಒಳಗಿನ ಚಿಲಕವನ್ನೂ ಹಾಕಿಕೊಂಡಿದ್ದರು. ನಾನು ಕಿರುಚಿದೆ. ಯಾರೂ ಬರಲಿಲ್ಲ. ಪಾರ್ಕಿನಲ್ಲಿ ಜನ ದುಡ್ಡು ಕೊಟ್ಟು ಕಿರುಚಲು ಬರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಗಾಳಿಯ ತುಂಬ ಕಿರುಚಾಟವೇ. ಎದುರಿನ ಹುಲ್ಲುಹಾಸಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದವರು ನನ್ನನ್ನು ನೋಡಿ ನಕ್ಕರು.

ಗೋಡೆಯಲ್ಲಿ ನೇತುಹಾಕಿದ್ದ ಫೈರ್ ಎಕ್ಸ್‌ಟಿಂಗ್ವಿಷರ್ ಕಿತ್ತುಕೊಂಡು ಹೊರಗಿನಿಂದ ಕಿಟಕಿಯ ಕಡೆಗೆ ಓಡಿದೆ. ಆ ಕೆಂಪು ಸಿಲಿಂಡರಿನ ತಳದಿಂದ ಗಾಜಿಗೆ ಹೊಡೆದೆ. ಮೊದಲ ಎರಡು ಏಟಿಗೆ ಗಾಜು ಅಲುಗಲಿಲ್ಲ. ಅಷ್ಟರಲ್ಲಿ ತೋಟದ ಕೆಲಸದ ರುದ್ರಪ್ಪ ಪಿಕಾಸಿ ಹಿಡಿದು ಬಂದ. ಅವನ ಏಟಿಗೆ ಗಾಜು ಒಡೆಯಿತು. ಇಬ್ಬರೂ ಒಳಗೆ ಇಳಿದೆವು.

ರೇಖಾ ಮಂಚದ ಮೇಲಿದ್ದಳು. ಕೆನ್ನೆ ಕೆಂಪಗಿತ್ತು, ಸುಖವಾಗಿ ನಿದ್ದೆ ಮಾಡುತ್ತಿರುವವಳಂತೆ ಕಾಣುತ್ತಿದ್ದಳು. ಅದೇ ನನಗೆ ಹೆಚ್ಚು ಭಯ ತಂದಿತು. ಅವಳ ಪಕ್ಕದಲ್ಲಿ ದಿಂಬುಗಳ ನಡುವೆ ಕೂಸು, ಹಣೆಗೆ ಸಾದಿನ ಬೊಟ್ಟು. ಗೌರಮ್ಮ ಮಂಚ ಬಿಟ್ಟು ನೆಲದ ಮೇಲೆ ಸೀರೆ ಹಾಸಿಕೊಂಡು ಅಗ್ಗಿಷ್ಟಿಕೆಯ ಪಕ್ಕದಲ್ಲೇ ಬಿದ್ದಿದ್ದರು. ಕೆಂಡ ಇನ್ನೂ ಕೆಂಪಗಿತ್ತು. ಸೂರಿನಲ್ಲಿ ನಾನು ತೊಡಿಸಿದ್ದ ಟೋಪಿ ಹಾಗೇ ಇತ್ತು.

ಮೂವರನ್ನೂ ಹುಲ್ಲಿನ ಮೇಲೆ ತಂದು ಮಲಗಿಸಿದೆವು. ರೇಖಾ, ಗೌರಮ್ಮ ಇಬ್ಬರೂ ಉಸಿರಾಡುತ್ತಿದ್ದರು. ಕೂಸಿನ ಎದೆ ಅಲುಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪಾರ್ಕಿನ ಆಂಬುಲೆನ್ಸ್ ಬಂತು, ಅದರ ಹಿಂದೆಯೇ ಲೋಕೇಶ್ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿಬಂದರು. ಆಂಬುಲೆನ್ಸಿನ ನರ್ಸ್ ಆಕ್ಸಿಜನ್ ಮಾಸ್ಕನ್ನು ಕೂಸಿನ ಮುಖಕ್ಕೆ ಹಿಡಿದಳು. ಎಲ್ಲರನ್ನೂ ಹತ್ತಿಸಿಕೊಂಡು ತರೀಕೆರೆಗೆ ಹೊರಟೆವು, ನಾನು ಕೂಸಿನ ಪಾದ ತಿಕ್ಕುತ್ತ ಕೂತೆ. ಪಾದ ಮೆತ್ತಗಿತ್ತು, ಜೀವದ ಬಿಗಿ ಇರಲಿಲ್ಲ. ಲಿಂಗದಹಳ್ಳಿ ದಾಟುವಾಗ ಕೂಸು ಒಮ್ಮೆ ಕೆಮ್ಮಿತು. ಆಮೇಲೆ ಅತ್ತಿತು. ಆಂಬುಲೆನ್ಸಿನಲ್ಲಿ ಎಚ್ಚರವಿದ್ದ ಎಲ್ಲರೂ ಅತ್ತೆವು.

ತರೀಕೆರೆಯ ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಮುಂದುವರಿಸಿದರು. ಸಂಜೆಯ ಹೊತ್ತಿಗೆ ರೇಖಾ, ಗೌರಮ್ಮ ಇಬ್ಬರೂ ಎಚ್ಚರಗೊಂಡರು. ಕೂಸನ್ನು ಹೆಚ್ಚಿನ ತಪಾಸಣೆಗೆ ಶಿವಮೊಗ್ಗಕ್ಕೆ ಕಳಿಸುವುದೆಂದಾಯಿತು. ಇನ್ನರ್ಧ ಗಂಟೆ ತಡವಾಗಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಅದನ್ನು ಕೇಳಿದ ಲೋಕೇಶ್ ಗೌರಮ್ಮನ ಹಾಸಿಗೆಯ ಪಕ್ಕಕ್ಕೆ ಹೋಗಿ ನಿಂತರು. ನಾನು ಬಾಗಿಲಲ್ಲಿದ್ದೆ.

"ಎಷ್ಟ್ ಸಲ ಹೇಳಿದ್ದೆ ನಿಮ್ಗೆ, ಈ ಕೆಂಡ ಗಿಂಡ ಎಲ್ಲಾ ಬಿಟ್ಬಿಡಿ ಅಂತ. ನನ್ ಸಂಸಾರನೇ ಮುಗ್ಸ್‌ಬಿಡ್ತಿದ್ರಲ್ಲ ನೀವು. ಹೊಗೆ ಮಿಷಿನ್ಗೆ ಟೋಪಿ ಕಟ್ಟೋ ಬುದ್ಧಿ ಯಾರ್ ಕೊಟ್ರು ನಿಮ್ಗೆ? ಇನ್ಮೇಲೆ ನನ್ ಮಗೂನ ಮುಟ್ಬ್ಯಾಡಿ" ಎಂದರು. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೇ ಒಳ್ಳೆಯದಿತ್ತು.

ಗೌರಮ್ಮ ಸೂರು ನೋಡುತ್ತ ಮಲಗಿದ್ದರು. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಲೋಕೇಶ್ ಹೊರಗೆ ಹೋದರು.

ಅದಕ್ಕೆ ಹತ್ತು ನಿಮಿಷ ಮೊದಲು ನಮ್ಮ ಜನರಲ್ ಮ್ಯಾನೇಜರ್ ನನಗೆ ಫೋನ್ ಮಾಡಿದ್ದರು. ಘಟನೆಯ ವರದಿ ರಾತ್ರಿಯೊಳಗೆ ಬೇಕೆಂದೂ, ಅತಿಥಿಗಳೇ ನಿಯಮ ಮೀರಿ ಡಿಟೆಕ್ಟರ್ ಮುಚ್ಚಿಕೊಂಡಿದ್ದರು ಎಂದು ಬರೆಯಬೇಕೆಂದೂ ಹೇಳಿದ್ದರು. ಟೋಪಿ ತೊಡಿಸಿದ್ದು ಯಾರೆಂದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದು ಇಬ್ಬರಿಗೆ, ನನಗೆ ಮತ್ತು ಗೌರಮ್ಮನಿಗೆ. ಸುಳ್ಳು ಹೇಳುವುದಿಲ್ಲ, ಆ ಫೋನ್ ಇಟ್ಟಾಗ ನನ್ನ ಎದೆಯ ಭಾರ ಸ್ವಲ್ಪ ಇಳಿದಿತ್ತು. ಬಚಾವಾದೆ ಎನ್ನಿಸಿತ್ತು.

ನಾನು ಹಾಸಿಗೆಯ ಹತ್ತಿರ ಹೋದೆ. ಗೌರಮ್ಮ ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡರು.

"ನಿನ್ ಹೆಸ್ರು ನಾನ್ ಹೇಳಿಲ್ಲ ಕಣವ್ವ. ಹೇಳೋದೂ ಇಲ್ಲ. ನಂಗಂತೂ ಬಯ್ಸ್ಕಂಡು ಅಭ್ಯಾಸ ಐತೆ. ನಿನ್ ಅನ್ನ ಯಾಕ್ ಹಾಳಾಗ್ಬೇಕು" ಎಂದರು.

ಮಗಳನ್ನೂ ಮೊಮ್ಮಗಳನ್ನೂ ಸಾವಿನ ಬಾಯಿಗೆ ಕೊಟ್ಟವಳೆಂಬ ಹೆಸರು ಹೊತ್ತುಕೊಂಡು ಆ ಹೆಂಗಸು ನನ್ನ ನೌಕರಿ ಕಾಯುತ್ತಿದ್ದರು. ಇನ್ನು ಮುಂದೆ ಆ ಕೂಸನ್ನು ಎತ್ತಿಕೊಳ್ಳಲು ಅವರಿಗೆ ಅಳಿಯನ ಅಪ್ಪಣೆ ಬೇಕು. ನನಗೆ ಮಾತ್ರ ಸೋಮವಾರ ಎಂದಿನಂತೆ ಡ್ಯೂಟಿ.

ಲೋಕೇಶ್ ಆಸ್ಪತ್ರೆಯ ಜಗಲಿಯಲ್ಲಿ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ನಾನು ಎದುರಿಗೆ ನಿಂತು ಎಲ್ಲವನ್ನೂ ಹೇಳಿದೆ. ಟೋಪಿ ತೊಡಿಸಿದ್ದು ನಾನು, ಬಾಗಿಲಿಗೆ ಟವೆಲ್ ಒತ್ತಲು ಹೇಳಿಕೊಟ್ಟವಳು ನಾನು, ತಂದೂರಿನ ಕೆಂಡ ಹಾಕಿಸಿದ್ದು ನಾನು. ನಿಮ್ಮ ಅತ್ತೆ ಕೇಳಿದ್ದು ಕೂಸಿಗೆ ಶೀತವಾಗದಿರಲಿ ಎಂದು, ಅಷ್ಟೇ. ಅವರನ್ನು ಬಯ್ಯಬೇಡಿ ಎಂದೆ.

ಅವರು ಮಗನನ್ನು ತೊಡೆಯ ಮೇಲೆ ಸರಿಸಿಕೊಂಡು ತಲೆ ಎತ್ತಿದರು. ಹೊಡೆಯುತ್ತಾರೇನೋ ಅಂದುಕೊಂಡೆ. ಹೊಡೆದಿದ್ದರೂ ಸುಮ್ಮನಿರುತ್ತಿದ್ದೆ.

"ಇದ್ದಿಲು ಹಿಂಗ್ ಮಾಡ್ತೈತೆ ಅಂತ ನಿಮ್ಗೆ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ತು" ಎಂದೆ.

"ಅವ್ರಿಗೆ ಗೊತ್ತಿರ್ಲಿಲ್ಲ" ಎಂದರು. ಆಮೇಲೆ ಮಗನನ್ನು ನನ್ನ ಕೈಗೆ ಕೊಟ್ಟು, ಎದ್ದು ಗೌರಮ್ಮನ ವಾರ್ಡಿನೊಳಗೆ ಹೋದರು.

ವರದಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಹೊಗೆಗೆ ಕೂಗುವ ಡಿಟೆಕ್ಟರ್ ಆ ಅನಿಲಕ್ಕೆ ಕೂಗುತ್ತದೆಂಬ ಖಾತ್ರಿಯಿಲ್ಲ, ಆದ್ದರಿಂದ ಟೋಪಿಯ ಮಾತು ಬಿಟ್ಟುಬಿಡಬಹುದು ಎಂದು ಮ್ಯಾನೇಜರ್ ಮತ್ತೊಮ್ಮೆ ಹೇಳಿ ನೋಡಿದರು. ಟೋಪಿ ಇಲ್ಲದಿದ್ದರೆ ಸಾಂಬ್ರಾಣಿ ಹಾಕಿದ ಕೂಡಲೇ ಅದು ಕೂಗುತ್ತಿತ್ತು, ನಾವು ಕೆಂಡವನ್ನು ಹೊರಗೆ ತರುತ್ತಿದ್ದೆವು ಎಂದು ಅದನ್ನೂ ಬರೆದೆ. ನನ್ನನ್ನು ಆ ಹುದ್ದೆಯಿಂದ ತೆಗೆದು ಲಾಂಡ್ರಿಗೆ ಹಾಕಿದರು. ಎರಡು ವರ್ಷ ಅಲ್ಲಿದ್ದು ನಿವೃತ್ತಳಾದೆ. ಕೊಠಡಿಗಳ ಕಿಟಕಿಗೆ ತೆರೆಯುವ ಬಾಗಿಲು ಇಡಿಸಿದರೆಂದು ಕೇಳಿದೆ. ಕೂಸಿಗೆ ಏನೂ ಆಗಲಿಲ್ಲ. ಅದು ಓಡಾಡುವ ವಯಸ್ಸಿಗೆ ಬಂದ ಮೇಲೂ ವರ್ಷವೊಪ್ಪತ್ತು ನನಗೆ ಆ ಮೆತ್ತನೆಯ ಪಾದ ಕನಸಿನಲ್ಲಿ ಬರುತ್ತಿತ್ತು.

ಪಾರ್ಕಿನ ಹೋಟೆಲಿಗೆ ಜನ ಹೆಚ್ಚು ದುಡ್ಡು ಕೊಡುವುದು ಮೆತ್ತನೆಯ ಹಾಸಿಗೆಗೆಂದು, ಒಂದು ಗಂಟೆ ಮೊದಲು ತೆರೆಯುವ ಗೇಟಿಗೆಂದು ನಾನು ತಿಳಿದಿದ್ದೆ. ಅವರು ಕೊಡುವುದು ತಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರೊಬ್ಬರು ಅಲ್ಲಿರುತ್ತಾರೆ ಎಂಬ ನಂಬಿಕೆಗೆ. ಗೊತ್ತಿದ್ದವಳು ನಾನು. ಗೌರಮ್ಮ ಹೆತ್ತ ಕರುಳಿನವರು, ಕೇಳುವುದು ಅವರ ಧರ್ಮ. ಇಲ್ಲ ಎನ್ನುವುದು ನನ್ನ ಕೆಲಸವಾಗಿತ್ತು, ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಅವರ ಮನಸ್ಸು ನೋಯಿಸಬಾರದೆಂದು ನಾನು ಆ ಕೆಲಸ ಮಾಡಲಿಲ್ಲ.